ಮರೋಟ್ಟಿಚಾಲಿನ ಚದುರಂಗ

ತ್ರಿಶ್ಶೂರು ಪಟ್ಟಣದಿಂದ ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರ ಹೋದರೆ ಬಯಲು ಮುಗಿದು ಪಶ್ಚಿಮಘಟ್ಟದ ತಪ್ಪಲು ಆರಂಭವಾಗುತ್ತದೆ. ಸಾಲುಸಾಲಾಗಿ ರಬ್ಬರಿನ ಮರಗಳು, ಪ್ರತಿಯೊಂದು ಮರದ ಸೊಂಟಕ್ಕೂ ಹಾಲು ತೊಟ್ಟಿಕ್ಕಲು ಕಟ್ಟಿದ ಒಂದು ಬಟ್ಟಲು; ನಡುನಡುವೆ ಅಡಕೆ, ತೆಂಗು, ಬಾಳೆ; ಮನೆಗಳೆಲ್ಲ ಒಂದರಿಂದೊಂದು ದೂರದೂರ. ಮರೋಟ್ಟಿಚಾಲ್ ಎಂಬ ಹಳ್ಳಿ ಇರುವುದು ಇಲ್ಲಿಯೇ. ಮರೋಟ್ಟಿ ಎಂಬುದು ಒಂದು ಕಾಡುಮರದ ಹೆಸರು. ಹಿಂದಿನ ಕಾಲದಲ್ಲಿ ಅದರ ಬೀಜದ ಎಣ್ಣೆಯನ್ನು ಕೇರಳದ ಮನೆಗಳಲ್ಲಿ ದೀಪಕ್ಕೆ ಉರಿಸುತ್ತಿದ್ದರು. ಕಾಯನ್ನು ಎರಡು ಹೋಳು ಮಾಡಿ ಚಿಪ್ಪನ್ನೇ ಹಣತೆಯಾಗಿ ಹಚ್ಚಿಡುವ ಪದ್ಧತಿಯೂ ಉಂಟು. ಊರಿನ ಆಚೆ ಕಾಡಿನೊಳಗೆ ಒಂದು ಜಲಪಾತವಿದೆ. ರಜಾದಿನಗಳಲ್ಲಿ ತ್ರಿಶ್ಶೂರಿನ ಕಾಲೇಜು ಹುಡುಗರು ಮೋಟಾರು ಸೈಕಲ್ಲುಗಳಲ್ಲಿ ಬರುವುದು ಅದಕ್ಕಾಗಿ. ನಾವು ಹೋದದ್ದು ಅದಕ್ಕಲ್ಲ, ಚದುರಂಗವನ್ನು ನೋಡುವುದಕ್ಕೆ.

ಈ ಹಳ್ಳಿಯ ಹೆಸರು ವಾಚಕರಲ್ಲಿ ಹಲವರ ಕಿವಿಗೆ ಬಿದ್ದಿರಬಹುದು. ಮನೆಗೊಬ್ಬರಾದರೂ ಚದುರಂಗ ಬಲ್ಲವರಿರುವ ಊರೆಂದು ಪತ್ರಿಕೆಗಳು ಇದನ್ನು ವರ್ಣಿಸಿವೆ. ಆದರೆ ಈ ಆಟ ಇಲ್ಲಿಗೆ ವಿನೋದಕ್ಕಾಗಿ ಬರಲಿಲ್ಲ, ಔಷಧವಾಗಿ ಬಂತು. ಆ ಸಂಗತಿಯೇ ನನ್ನನ್ನು ಸೆಳೆದದ್ದು. ಏಕೆಂದರೆ ನಮ್ಮ ಮನೆಯಲ್ಲಿಯೂ ಒಂದು ಔಷಧ ಬೇಕಾಗಿತ್ತು.

ನನ್ನ ಅಕ್ಕನ ಮಗನಿಗೆ ಇಪ್ಪತ್ತೇಳು ವರ್ಷ. ಒಳ್ಳೆಯ ಉದ್ಯೋಗ, ಸಾಧು ಸ್ವಭಾವ. ಕುಡಿತ ಧೂಮಪಾನಗಳಿಲ್ಲದ ಹುಡುಗನೆಂದು ನಮ್ಮ ನಂಟರಲ್ಲೆಲ್ಲ ಹೆಸರು. ಅವನು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಎರಡು ವರ್ಷ ಕಾಲ ಮೊಬೈಲಿನಲ್ಲಿ ಹಣಕಟ್ಟಿ ರಮ್ಮಿ ಆಡಿದನೆಂಬುದು ಸಾಲ ಕೊಟ್ಟವರು ಮನೆಗೆ ದೂರವಾಣಿ ಮಾಡತೊಡಗಿದ ಮೇಲೆಯೇ ನಮಗೆ ತಿಳಿದದ್ದು. ಹಿಂದಿನ ಕಾಲದ ಜೂಜುಕೋರನಿಗೆ ಆಡಲು ಒಂದು ಅಡ್ಡೆ ಬೇಕಿತ್ತು, ಹಣಕ್ಕೆ ಸಾಹುಕಾರ ಬೇಕಿದ್ದ, ಮನೆಗೆ ತಡವಾಗಿ ಬಂದದ್ದಕ್ಕೆ ಒಂದು ನೆಪ ಬೇಕಿತ್ತು. ಈಗ ಅಡ್ಡೆ, ಬ್ಯಾಂಕು, ಲೇವಾದೇವಿಗಾರ ಮೂವರೂ ಒಂದೇ ಅಂಗೈಯಗಲದ ಗಾಜಿನಲ್ಲಿದ್ದಾರೆ. ತಡವಾಗಿ ಬರುವ ಪ್ರಶ್ನೆಯೇ ಇಲ್ಲ, ಹುಡುಗ ಮನೆಯಲ್ಲಿಯೇ ಇರುತ್ತಾನೆ. ಹಣವಿಟ್ಟಾಡುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕವು ೨೦೨೧ರಲ್ಲಿ ತಂದ ತಿದ್ದುಪಡಿಯನ್ನು ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಮಾಡಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಇಂಥ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ನಮ್ಮ ಅಕ್ಕನ ಬಳೆಗಳು ಅಷ್ಟರೊಳಗೆ ಹೋಗಿಬಿಟ್ಟಿದ್ದವು.

ಚಿಕಿತ್ಸೆಯಾಯಿತು. ಇದು ಬರಿಯ ದುರ್ಬುದ್ಧಿಯಲ್ಲ, ಕಾಯಿಲೆ ಎಂಬುದನ್ನು ಒಪ್ಪಿಕೊಳ್ಳಲು ಮನೆಯ ಹಿರಿಯರಿಗೆ ಹುಡುಗನಿಗಿಂತ ಹೆಚ್ಚು ಕಾಲ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ ೨೦೨೨ರ ಜನವರಿಯಲ್ಲಿ ಜಾರಿಗೆ ಬಂದಿದೆ. ಜೂಜಿನ ಚಟವೂ ಪರದೆಯ ಮೇಲಿನ ಆಟಗಳ ಚಟವೂ ಅದರಲ್ಲಿ ಅಕ್ಕಪಕ್ಕದಲ್ಲಿವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಷಟ್’ ಎಂಬ ಚಿಕಿತ್ಸಾಲಯ ೨೦೧೪ರಲ್ಲಿಯೇ ಆರಂಭವಾಯಿತು. ಇಷ್ಟೆಲ್ಲ ತಿಳಿಸಿ ಹೇಳಿದ ಮೇಲೆ ಭಾವನವರು ಒಂದು ವಾರ ಮೌನವಾಗಿದ್ದು, ಅನಂತರ ಮಗನ ಸಂಗಡ ತಾವೇ ವೈದ್ಯರಲ್ಲಿಗೆ ಹೋಗಿಬರತೊಡಗಿದರು.

ರಮ್ಮಿ ನಿಂತಿತು. ಆದರೆ ಮೊಬೈಲು ನಿಲ್ಲಲಿಲ್ಲ. ಆಟ ಬಿಟ್ಟ ಹುಡುಗ ರಾತ್ರಿ ಎರಡು ಗಂಟೆಯವರೆಗೆ ಅರ್ಧ ನಿಮಿಷದ ಚಲನಚಿತ್ರಗಳನ್ನು ಒಂದಾದ ಮೇಲೊಂದು ಬೆರಳಿನಿಂದ ತಳ್ಳುತ್ತ ಕೂರುತ್ತಿದ್ದ. ಅದರ ನಡುನಡುವೆ ಜಾಹೀರಾತು ಇಣುಕುವುದು. ‘ನಿಮ್ಮ ಖಾತೆಗೆ ಉಡುಗೊರೆ ಕಾದಿದೆ’ ಎಂದು ಸಂದೇಶ ಬರುವುದು. ಕುಡಿತ ಬಿಟ್ಟವನನ್ನು ಹೆಂಡದಂಗಡಿಯ ಜಗುಲಿಯ ಮೇಲೆ ಮಲಗಿಸಿದಂತಾಗಿತ್ತು ಅವನ ಸ್ಥಿತಿ. ವೈದ್ಯರು ಇದನ್ನು ಕೇಳಿದವರೇ ಮೊದಲು ಪರದೆಯ ಹೊತ್ತನ್ನು ಇಳಿಸಬೇಕೆಂದರು. ಕಚೇರಿಯ ಗಣಕಯಂತ್ರ ಕಚೇರಿಯಲ್ಲಿಯೇ ಇರತಕ್ಕದ್ದು. ಮನೆಗೆ ಗುಂಡಿಯೊತ್ತುವ ಸಾದಾ ಫೋನು. ಸಂಬಳದ ಖಾತೆ ತಾಯಿಯ ಸಂಗಡ ಜಂಟಿಯಾಗಿ. ಮಲಗುವ ಕೋಣೆಯಲ್ಲಿ ಬೆಳಗುವ ಗಾಜು ಯಾವುದೂ ಕೂಡದು. ಬೆಳಿಗ್ಗೆ ಎಬ್ಬಿಸಲು ಒಂದು ಅಲಾರಂ ಗಡಿಯಾರ ಬಂತು. ಅದರ ಟಿಕ್‌ಟಿಕ್ ಸದ್ದಿಗೆ ಮೊದಲ ವಾರ ಅಕ್ಕನಿಗೇ ನಿದ್ರೆ ಹತ್ತಲಿಲ್ಲವಂತೆ.

ಎಲ್ಲಕ್ಕಿಂತ ಮುಖ್ಯವಾಗಿ ವೈದ್ಯರು ಹೇಳಿದ್ದು ಒಂದು ಮಾತು. ಚಟದ ಸೆಳೆತವು ಅಲೆಯಂತೆ ಏರುತ್ತದೆ, ಅಲೆಯಂತೆಯೇ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ಮುಗಿಯುತ್ತದೆ. ಆ ಅರ್ಧ ಗಂಟೆಯನ್ನು ಬೇರೆ ಯಾವುದರಿಂದಲಾದರೂ ತುಂಬಿರಿ, ಒಬ್ಬನನ್ನೇ ಬಿಡಬೇಡಿ. ಸರಿ, ಯಾವುದರಿಂದ ತುಂಬುವುದು? ಆರರಿಂದ ಹನ್ನೊಂದರವರೆಗಿನ ಐದು ಗಂಟೆಗಳ ಸಂಜೆಯನ್ನು ಹುಡುಗನ ಕೈಯಿಂದ ಕಿತ್ತುಕೊಂಡ ನಾವು ಬದಲಿಗೆ ಕೊಟ್ಟದ್ದು ಭಾವನವರ ಉಪದೇಶ, ಅಕ್ಕನ ಕಣ್ಣೀರು ಮತ್ತು ಒಂದು ತಟ್ಟೆ ಚಕ್ಕುಲಿ. ಮರೋಟ್ಟಿಚಾಲಿನ ನೆನಪು ನನಗೆ ಬಂದದ್ದು ಆಗ. ಜೂಜಿನಿಂದ ಬಿಡಿಸಿಕೊಂಡವನಿಗೆ ಇನ್ನೊಂದು ಆಟವನ್ನು ತೋರಿಸುವುದು ಕ್ಷೇಮವೇ ಎಂಬ ಅಂಜಿಕೆಯೂ ಆಯಿತು. ವೈದ್ಯರನ್ನು ಕೇಳಿಯೇ ಹೊರಟೆವು. ‘ಹಣದ ಮಾತಿಲ್ಲದಿದ್ದರೆ, ಎದುರಿಗೆ ಒಬ್ಬ ಮನುಷ್ಯ ಕೂತಿದ್ದರೆ, ನೋಡಿಬನ್ನಿ’ ಎಂದರು.

ತುಲಾಮಾಸದ ಮಳೆ ಹಿಂದೆಗೆದಿತ್ತು. ರಾತ್ರಿ ಬೆಂಗಳೂರಿನಲ್ಲಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹತ್ತಿದೆವು. ನಮ್ಮ ಡಬ್ಬಿಯಲ್ಲಿ ದೀಪ ಆರಿದ ಮೇಲೂ ಮೇಲಿನ ಕೆಳಗಿನ ಹಾಸುಗೆಗಳಲ್ಲೆಲ್ಲ ನೀಲಿ ಬೆಳಕಿನ ಮುಖಗಳು ತೇಲುತ್ತಿದ್ದವು. ಹುಡುಗ ಅಂಗಾತ ಮಲಗಿದ್ದ. ಅವನ ಬಲಗೈ ಆಗಾಗ ಷರಟಿನ ಜೇಬಿಗೆ ಹೋಗಿ ಬರಿದಾಗಿ ಹಿಂದಿರುಗುತ್ತಿತ್ತು. ನಶ್ಯದ ಡಬ್ಬಿ ಕಳೆದುಕೊಂಡ ನಮ್ಮ ತಾತನವರ ಕೈ ಹೀಗೆಯೇ ಸೊಂಟವನ್ನು ತಡಕುತ್ತಿದ್ದುದು ನನಗೆ ನೆನಪಾಯಿತು.

ಬೆಳಗಿನ ಜಾವದಲ್ಲಿ ಪಾಲಕ್ಕಾಡಿನ ಕಣಿವೆ ಬಂತು. ಮಹಾರಾಷ್ಟ್ರದಿಂದ ಕನ್ಯಾಕುಮಾರಿಯತ್ತ ಗೋಡೆಯಂತೆ ನಿಂತಿರುವ ಸಹ್ಯಾದ್ರಿಯು ಇಲ್ಲಿ ಸುಮಾರು ಮೂವತ್ತು ಕಿಲೋಮೀಟರು ಅಗಲಕ್ಕೆ ಬಾಯ್ದೆರೆದಿದೆ. ಗಾಳಿ, ಮಳೆ, ವ್ಯಾಪಾರಿಗಳು, ಸೈನ್ಯಗಳು ಎಲ್ಲವೂ ನುಗ್ಗಿದ ಹೆಬ್ಬಾಗಿಲು ಇದು. ತಾಳೆಮರಗಳ ತಲೆಯ ಮೇಲೆ ಮಂಜು. ಗದ್ದೆಗಳ ಮೇಲೆ ಬೆಳ್ಳಕ್ಕಿ. ಹುಡುಗ ಕಿಟಕಿಯ ಬಳಿ ಕುಳಿತು ಒಂದು ಗಂಟೆ ಕಾಲ ಹೊರಗೆ ನೋಡಿದ. ಬೇಸರ ಬಂದು ನೋಡಿದನೋ, ಸೊಗಸೆಂದು ನೋಡಿದನೋ ನಾನು ಕೇಳಲಿಲ್ಲ.

ತ್ರಿಶ್ಶೂರು ಒಂದು ದೇವಾಲಯದ ಸುತ್ತ ಬೆಳೆದ ಪಟ್ಟಣ. ನಡುವೆ ವಡಕ್ಕುನ್ನಾಥನ ಗುಡಿ, ಅದರ ಸುತ್ತ ತೇಕ್ಕಿನ್‌ಕಾಡು ಎಂಬ ವಿಶಾಲ ಮೈದಾನ, ಮೈದಾನದ ಸುತ್ತ ಬಳೆಯಂತೆ ರಸ್ತೆ. ಈ ರೂಪವನ್ನು ಕೊಟ್ಟವನು ೧೭೫೧ರಿಂದ ೧೮೦೫ರವರೆಗೆ ಬಾಳಿದ ಕೊಚ್ಚಿಯ ಅರಸು ಶಕ್ತನ್ ತಂಬುರಾನ್. ಪ್ರಸಿದ್ಧವಾದ ಪೂರಂ ಉತ್ಸವವೂ ಅವನದೇ ಏರ್ಪಾಡು. ಮೈದಾನದ ಮರಗಳ ನೆರಳಿನಲ್ಲಿ ಸಂಜೆ ವೃದ್ಧರ ಗುಂಪುಗಳು ಕೂತಿದ್ದವು. ಹತ್ತಿರ ಹೋಗಿ ನೋಡಿದರೆ ಇಸ್ಪೀಟು! ನನ್ನ ಎದೆ ಧಸಕ್ಕೆಂದಿತು. ಹುಡುಗನ ತೋಳು ಹಿಡಿದು ಮುಂದೆ ನಡೆಸಲು ನೋಡಿದೆ. ಅವನು ನಿಂತೇ ನಿಂತ. ನಾಲ್ವರು ಮುದುಕರು, ಹಾಸಿದ ವೃತ್ತಪತ್ರಿಕೆ, ಒಬ್ಬರು ಎಲೆಗಳನ್ನು ಕಲಸುತ್ತ ಮೊಮ್ಮಗಳ ಮದುವೆಯ ಮಾತೋ ಏನೋ ಆಡುತ್ತಿದ್ದರು. ಇನ್ನೊಬ್ಬರು ವೀಳ್ಯಕ್ಕೆ ಸುಣ್ಣ ಹಚ್ಚುತ್ತಿದ್ದರು. ಹತ್ತು ನಿಮಿಷದ ಮೇಲೆ ಹುಡುಗ ತಾನಾಗಿಯೇ ಕದಲಿದ.

“ಎಲೆ ಹಂಚುವುದಕ್ಕೇ ಎಷ್ಟು ಹೊತ್ತು ಮಾಡುತ್ತಾರೆ ಮಾವ, ಇವರು! ನಾನು ಆ ಹೊತ್ತಿನಲ್ಲಿ ಮೂರು ಆಟ ಸೋತಿರುತ್ತಿದ್ದೆ” ಎಂದ.

ನಾನು ಓದಿದ ಯಾವ ಲೇಖನವೂ ಮೊಬೈಲಿನ ಜೂಜಿನ ಗುಟ್ಟನ್ನು ನನಗೆ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ. ಎಲೆ ಕಲಸುವ, ಮಾತಾಡುವ, ಬಾಯಾರಿಕೆಗೆ ಏಳುವ ಸಂದಿಗಳಲ್ಲಿಯೇ ಮನುಷ್ಯನಿಗೆ ವಿವೇಕ ಹುಟ್ಟಲು ಅವಕಾಶ. ಆ ಸಂದಿಗಳನ್ನೆಲ್ಲ ಯಂತ್ರ ಮುಚ್ಚಿಬಿಟ್ಟಿದೆ.

ಆ ರಾತ್ರಿ ವಸತಿಗೃಹದಲ್ಲಿ ಹನ್ನೊಂದು ಗಂಟೆಯ ಸುಮಾರಿಗೆ ಅವನು ಎದ್ದು ಕುಳಿತ. “ಮಾವ, ನಿಮ್ಮ ಫೋನು ಹತ್ತು ನಿಮಿಷ ಕೊಡಿ. ಸುದ್ದಿ ನೋಡಿ ಕೊಡುತ್ತೇನೆ.” ಧ್ವನಿ ಮೃದುವಾಗಿಯೇ ಇತ್ತು, ಹಣೆಯಲ್ಲಿ ಮಾತ್ರ ಬೆವರು. ಕೊಡುವುದಿಲ್ಲವೆಂದು ನಾನು ಹೇಳಲಿಲ್ಲ. “ಚಪ್ಪಲಿ ಮೆಟ್ಟಿಕೋ, ಒಂದು ಸುತ್ತು ಹೋಗಿಬರೋಣ” ಎಂದೆ. ಮೈದಾನದ ಬಳೆರಸ್ತೆಯನ್ನು ಒಂದು ಸುತ್ತು ಬಂದೆವು, ಅವನು ಮಾತಾಡಲಿಲ್ಲ. ಎರಡನೆಯ ಸುತ್ತಿನ ಅರ್ಧದಲ್ಲಿ, ಇಲ್ಲಿ ಚಹಾ ಸಿಕ್ಕೀತೇ ಎಂದು ಕೇಳಿದ. ಸಿಕ್ಕಿತು. ಗಡಿಯಾರ ನೋಡಿದೆ: ಮೂವತ್ತೈದು ನಿಮಿಷ. ವೈದ್ಯರ ಲೆಕ್ಕ ಹೆಚ್ಚು ತಪ್ಪಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮರೋಟ್ಟಿಚಾಲಿನ ಬಸ್ಸು ಹತ್ತಿದೆವು. ಇಳಿದ ಕೂಡಲೆ ಕಣ್ಣಿಗೆ ಬಿದ್ದದ್ದು ಚೌಕುಳಿ ಮಣೆ. ಬಸ್ಸಿಗೆ ಕಾಯುವ ತಂಗುದಾಣದ ಬೆಂಚಿನ ಮೇಲೆ ಇಬ್ಬರು ಆಡುತ್ತಿದ್ದರು; ಚಹಾದಂಗಡಿಯೊಳಗೆ ಇನ್ನೆರಡು ಜೋಡಿ. ಸುತ್ತ ನಿಂತವರು ಬಾಯಿ ಬಿಡುವಂತಿಲ್ಲ, ಹುಬ್ಬಿನಲ್ಲಿ ಮಾತ್ರ ಸಲಹೆ. ನಮ್ಮ ಬಸ್ಸಿನಿಂದ ಇಳಿದ ತರಕಾರಿಯವನೊಬ್ಬ ಬುಟ್ಟಿಯನ್ನು ನೆಲಕ್ಕಿಟ್ಟು, ಮಣೆಯನ್ನು ನೋಡಿ, ‘ಚ್ಚು’ ಎಂದು ತಲೆಯಾಡಿಸಿ, ಮತ್ತೆ ಬುಟ್ಟಿ ಹೊತ್ತು ನಡೆದ.

ಊರಿನ ಹಳೆಯ ಕಥೆ ಹೀಗೆ. ಅರ್ಧ ಶತಮಾನದ ಹಿಂದೆ ಇಲ್ಲಿ ಕಳ್ಳಭಟ್ಟಿಯ ಹಾವಳಿ ವಿಪರೀತವಾಗಿತ್ತು. ಮನೆಗಳಲ್ಲಿಯೇ ಭಟ್ಟಿ ಇಳಿಸಿ ಸುತ್ತಣ ಊರುಗಳಿಗೆ ಒದಗಿಸುತ್ತಿದ್ದರು. ಕುಡಿತದ ಜತೆಗೆ ಜೂಜು. ಇವೆರಡರ ಹಿಂದೆ ಸಾಲ, ಜಗಳ, ಹೆಂಗಸರ ಗೋಳು. ಊರಿನವರೇ ಕೆಲವರು ಬೇಸತ್ತು ಅಬಕಾರಿಯವರಿಗೆ ತಿಳಿಸಿ ಭಟ್ಟಿಗಳನ್ನು ಒಡೆಸಿದರೆಂದು ಹೇಳುತ್ತಾರೆ. ಭಟ್ಟಿ ಒಡೆಯಿತು, ಸಂಜೆ ಉಳಿಯಿತು. ಸಿ. ಉಣ್ಣಿಕೃಷ್ಣನ್ ಎಂಬವರ ಹೆಸರು ಕಥೆಯಲ್ಲಿ ಬರುವುದು ಇಲ್ಲಿ. ಹದಿನೈದನೆಯ ವಯಸ್ಸಿಗೆ, ೧೯೫೮ರಲ್ಲಿ, ಗ್ರಾಂಡ್‌ಮಾಸ್ಟರ್ ಆದ ಅಮೆರಿಕದ ಬಾಬಿ ಫಿಷರನ ವೃತ್ತಾಂತ ಇವರನ್ನು ಹುಡುಗನಾಗಿದ್ದಾಗಲೇ ಮರುಳುಮಾಡಿತ್ತು. ಪಕ್ಕದ ಊರಿಗೆ ಹೋಗಿ ಆಟ ಕಲಿತರು. ಹಿಂದಿರುಗಿ ಚಹಾದಂಗಡಿ ಇಟ್ಟರು. ಅಂಗಡಿಗೆ ಬಂದವರಿಗೆಲ್ಲ ಕಾಸು ತೆಗೆದುಕೊಳ್ಳದೆ ಚದುರಂಗ ಕಲಿಸಿದರು. ಹೀಗೆ ಅವರಿಂದ ಕಲಿತವರು ಏಳುನೂರಕ್ಕೂ ಹೆಚ್ಚು. ೨೦೧೬ರಲ್ಲಿ ಇಲ್ಲಿ ೧,೦೦೧ ಮಂದಿ ಏಕಕಾಲದಲ್ಲಿ ಕೂತು ಆಡಿದ್ದು ಏಷ್ಯಾದ ದಾಖಲೆಯೆಂದು ಯೂನಿವರ್ಸಲ್ ರೆಕಾರ್ಡ್ ಫೋರಮ್ ಮನ್ನಣೆ ಕೊಟ್ಟಿತು. ನಾವು ಹೋದ ಹೊತ್ತಿನಲ್ಲಿ ಉಣ್ಣಿಕೃಷ್ಣನ್ ಅವರು ಕಾಣಸಿಗಲಿಲ್ಲ. ದಿನವೂ ಹೊರಊರಿನವರು ಬಂದು ಕಾಡುವಾಗ ಮನೆಗೆ ಹುಡುಕಿಕೊಂಡು ಹೋಗುವುದು ನನಗೆ ಸರಿತೋರಲಿಲ್ಲ.

ಅಂಗಡಿಯ ಮೂಲೆಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಒಬ್ಬರೇ ಕೂತಿದ್ದರು. ರಬ್ಬರಿನ ಹಾಲು ಇಳಿಸುವ ಕೆಲಸದಲ್ಲಿ ಬಾಳು ಸವೆಸಿದವರು. ನಮ್ಮ ಹುಡುಗನನ್ನು ನೋಡಿ “ಕಳಿಕ್ಕುನ್ನೋ?” ಎಂದರು. ಕಲಿಯುತ್ತೀಯಾ ಎಂದು ಕೇಳಿದರೆಂದು ಅವನು ಭಾವಿಸಿ, ಶಾಲೆಯಲ್ಲಿಯೇ ಕಲಿತಿದ್ದೇನೆಂದು ಉತ್ತರಿಸಿದ. ಅಜ್ಜ ನಕ್ಕುಬಿಟ್ಟರು. ಆಡುತ್ತೀಯಾ ಎಂಬುದು ಅವರ ಪ್ರಶ್ನೆಯಾಗಿತ್ತು. ತಾರುಣ್ಯದಲ್ಲಿ ನಾಲ್ಕು ವರ್ಷ ಬೆಂಗಳೂರಿನ ಬೇಕರಿಯೊಂದರಲ್ಲಿ ಬನ್ನು ಸುಟ್ಟವರಾದ್ದರಿಂದ ಅವರಿಗೆ ನಮ್ಮ ಭಾಷೆ ಅಷ್ಟಿಷ್ಟು ಬರುತ್ತಿತ್ತು.

ಆಟ ಆರಂಭವಾದೊಡನೆಯೇ ಒಂದು ತೊಡಕು ಬಂತು. “ಆನ ನೋಡಿಕೋ” ಎಂದು ಅಜ್ಜ ಎಚ್ಚರಿಸಿದರು. ಹುಡುಗ ಮೂಲೆಯಲ್ಲಿದ್ದ ಆನೆಯನ್ನು ಕಾಪಾಡಿಕೊಂಡ; ಅವನ ಒಂಟೆ ಹೋಯಿತು. ನಮ್ಮಲ್ಲಿ ಮೂಲೆಯಲ್ಲಿ ನಿಲ್ಲುವುದು ಆನೆ, ಓರೆಯಾಗಿ ಓಡುವುದು ಒಂಟೆ. ಮಲಯಾಳದಲ್ಲಿ ಮೂಲೆಯಲ್ಲಿರುವುದು ತೇರು, ಓರೆಯಾಗಿ ಓಡುವುದೇ ಆನೆ. ಇದು ತಿಳಿದಾಗ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಜ್ಜ ಒಂಟೆಯನ್ನು ಹಿಂದಕ್ಕೆ ಕೊಡಬಂದರು, ಹುಡುಗ ಒಪ್ಪಲಿಲ್ಲ. ಅವನು ಗಟ್ಟಿಯಾಗಿ ನಕ್ಕದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ಕೇಳಿದೆ.

(ಚದುರಂಗದ ಮರುಳು ಮಲಯಾಳಿಗಳಿಗೇ ಮೀಸಲಲ್ಲವೆಂಬುದನ್ನು ಇಲ್ಲಿ ಹೇಳದಿರಲಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯಭಾರ ಬ್ರಿಟಿಷರ ಕೈಗೆ ಹೋದ ಮೇಲೂ ದೀರ್ಘಕಾಲ ಬಾಳಿದ ದೊರೆ. ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿಬರುವ ಬಂಧಗಳನ್ನು ಅವರು ರಚಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟರು. ಬರಿದಾದ ಸಂಜೆ ಅರಸರಿಗೂ ತಪ್ಪಿದ್ದಲ್ಲ.)

ಒಂದೊಂದು ನಡೆಗೂ ಅಜ್ಜ ಐದಾರು ನಿಮಿಷ ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಚಹಾ ತಣ್ಣಗಾಗುವುದು, ಯಾರೋ ಬಂದು ಮಳೆಯ ಮಾತಾಡುವುದು. ಮೊದಮೊದಲು ಹುಡುಗನ ಮೊಣಕಾಲು ಮೇಜಿನ ಕೆಳಗೆ ಹೊಲಿಗೆಯಂತ್ರದಂತೆ ಅದುರುತ್ತಿತ್ತು. ಕ್ರಮೇಣ ಅದು ನಿಂತಿತು. ಒಂದು ಆಟ ಒಂದೂಮುಕ್ಕಾಲು ಗಂಟೆ ನಡೆಯಿತು. ವೈದ್ಯರು ಹೇಳಿದ ಅಲೆ ಅಷ್ಟು ಹೊತ್ತಿನಲ್ಲಿ ಮೂರು ಬಾರಿ ಏರಿ ಇಳಿಯಬಹುದಿತ್ತು. ಸೋತದ್ದು ನಮ್ಮವನೇ. ಸೋತವನು ಕೊಡಬೇಕಾದದ್ದೇನೆಂದು ಅವನು ಕೇಳಿದ. ಅಜ್ಜನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಾಗ, “ಕಾಯಿಗಳನ್ನು ಜೋಡಿಸಬೇಕು” ಎಂದರು.

ಈ ಊರನ್ನು ಸ್ವರ್ಗವೆಂದು ಚಿತ್ರಿಸಿದರೆ ವಾಚಕರಿಗೆ ವಂಚನೆ ಮಾಡಿದಂತಾದೀತು. ಮದ್ಯವು ಇಲ್ಲಿಂದ ಸಂಪೂರ್ಣ ಮಾಯವಾಯಿತೆಂದು ನಮಗೆ ಯಾರೂ ಹೇಳಲಿಲ್ಲ. ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಮೂವರು ಬಾಲಕರು ಮೂರು ಮೊಬೈಲುಗಳಲ್ಲಿ ಮುಳುಗಿದ್ದರು; ಅವರಲ್ಲಿ ಒಬ್ಬ ನೋಡುತ್ತಿದ್ದದ್ದೂ ಚದುರಂಗವೇ, ಎದುರಾಳಿ ಯಾವ ದೇಶದವನೋ. ಕೇರಳದ ಪೊಲೀಸರು ಮಕ್ಕಳ ಮೊಬೈಲು ಚಟ ಬಿಡಿಸಲು ‘ಡಿ-ಡ್ಯಾಡ್’ ಎಂಬ ಕೇಂದ್ರಗಳನ್ನು ೨೦೨೩ರಲ್ಲಿ ಆರು ನಗರಗಳಲ್ಲಿ ತೆರೆದರು. ಆರರಲ್ಲಿ ತ್ರಿಶ್ಶೂರೂ ಒಂದು. ಚದುರಂಗದ ಹಳ್ಳಿಯ ನೆರೆಯ ನಗರಕ್ಕೇ ಅದು ಬೇಕಾಯಿತೆಂದ ಮೇಲೆ ಈ ಪಿಡುಗಿನ ಬಲ ಎಷ್ಟೆಂಬುದನ್ನು ಊಹಿಸಬಹುದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ ೨೦೨೨ರ ಆಗಸ್ಟಿನಿಂದ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಊದಿ ಒಂದೂವರೆ ಗಂಟೆ ಕಾಲ ಮನೆಮನೆಯ ಪರದೆಗಳನ್ನೆಲ್ಲ ಆರಿಸುವ ಕಟ್ಟಳೆ ಮಾಡಿದರು. ಊರಿಗೆ ಊರೇ ಒಟ್ಟಾಗಿ ಬಿಟ್ಟರೆ ಬಿಡುವುದು ಸುಲಭ. ಒಂದು ಮನೆಯಲ್ಲಿ ಒಬ್ಬನೇ ಬಿಡಬೇಕಾಗಿ ಬಂದು, ಉಳಿದವರೆಲ್ಲ ಊಟದ ತಟ್ಟೆಯ ಪಕ್ಕದಲ್ಲಿಯೇ ಮೊಬೈಲು ಇಟ್ಟುಕೊಂಡರೆ, ಅದು ಚಿಕಿತ್ಸೆಯಲ್ಲ, ಬಹಿಷ್ಕಾರ. ಈ ಮಾತನ್ನು ಭಾವನವರಿಗೆ ಆ ಮೇಲೆ ನಾನು ಹೇಳಿದೆ, ಅವರಿಗೆ ರುಚಿಸಲಿಲ್ಲ. ಆದರೂ ಈಗ ಅವರ ಮನೆಯಲ್ಲಿ ರಾತ್ರಿ ಎಂಟರಿಂದ ಎಲ್ಲ ಫೋನುಗಳೂ ಅಡಿಗೆಮನೆಯ ಗೂಡಿನಲ್ಲಿರುತ್ತವೆ, ಅಕ್ಕನದೂ ಸೇರಿ. ಅವಳಿಗೆ ಧಾರಾವಾಹಿ ತಪ್ಪಿದ ಕೋಪ ಇನ್ನೂ ಆರಿಲ್ಲ.

ಮಧ್ಯಾಹ್ನ ಜಲಪಾತಕ್ಕೆ ನಡೆದೆವು. ಚೆನ್ನಾಗಿದೆ, ಜೋಗವನ್ನು ಕಂಡವರಿಗೆ ಅಬ್ಬರ ಸಾಲದು. ಹಿಂದಿರುಗುವಾಗ ಹುಡುಗ ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದ. ನಾನು ಬಂದು ಸೇರುವಷ್ಟರಲ್ಲಿ ಅವನೂ ಅಜ್ಜನೂ ಹೊಸ ಆಟ ಹೂಡಿ ಎಂಟು ನಡೆ ಮುಗಿಸಿದ್ದರು. ನಾಲ್ಕೂವರೆಯ ಬಸ್ಸು ಹೋಯಿತು. ಮುಂದಿನದು ಬಂದು ಹಾರನ್ ಬಾರಿಸಿದಾಗಲೂ ಆಟ ಮುಗಿದಿರಲಿಲ್ಲ. ರಾತ್ರಿಯ ರೈಲು ನಮಗೆ ಕಾಯುವಂತಿಲ್ಲ. ಅಜ್ಜ ಲೆಕ್ಕದ ಪುಸ್ತಕದಿಂದ ಹಾಳೆಯೊಂದನ್ನು ಹರಿದು, ಮಣೆಯ ಮೇಲೆ ಯಾವ ಕಾಯಿ ಎಲ್ಲಿದೆಯೆಂದು ಬರೆದು, ಕೆಳಗೆ ತಮ್ಮ ವಿಳಾಸ ಬರೆದುಕೊಟ್ಟರು. “ಕಾರ್ಡು ಹಾಕು” ಎಂದರು.

ಬೆಂಗಳೂರಿಗೆ ಬಂದ ಮರುದಿನವೇ ಹುಡುಗ ಅಂಚೆಕಚೇರಿಗೆ ಹೋಗಿ ಐವತ್ತು ಪೈಸೆಯ ಕಾರ್ಡುಗಳನ್ನು ಇಪ್ಪತ್ತು ತಂದ. ಗುಮಾಸ್ತೆ ಇವನನ್ನು ಒಂದು ಬಗೆಯಾಗಿ ನೋಡಿದಳಂತೆ. ಒಂದು ನಡೆ ಹೋಗಿ ಉತ್ತರ ಬರಲು ಒಂಬತ್ತು ಹತ್ತು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ಅವನ ಮೇಜಿನ ಮೇಲೆ ಮಣೆ ಹಾಗೆಯೇ ಹರಡಿರುತ್ತದೆ. ಕಸ ಗುಡಿಸುವವಳು ಕಾಯಿ ಕದಲಿಸಿದಳೆಂದು ಒಮ್ಮೆ ದೊಡ್ಡ ರಾದ್ಧಾಂತವಾಯಿತು. ನಡುವೆ ಒಂದು ರಾತ್ರಿ, ನಿದ್ರೆ ಬಾರದೆ ನನ್ನ ಮನೆಗೇ ನಡೆದುಬಂದ; ನಾವಿಬ್ಬರೂ ಉಪ್ಪಿಟ್ಟು ಮಾಡಿಕೊಂಡು ತಿಂದೆವು. ಮೊನ್ನೆ ಹದಿನಾಲ್ಕನೆಯ ನಡೆಯ ಕಾರ್ಡು ಬಂದಿದೆ. ನಮ್ಮವನು ಒಂದು ಕಾಲಾಳು ಕಡಿಮೆಯಲ್ಲಿದ್ದಾನೆ. ಅಜ್ಜನ ಕುದುರೆ ತೀರ ಒಳಗೆ ಬಂದು ಕುಳಿತಿದೆ. ಅದನ್ನು ಏನು ಮಾಡುವುದೆಂದು ಭಾವನವರೂ ಈಗ ಆಗಾಗ ಮಣೆಯ ಬಳಿ ಬಂದು ನಿಲ್ಲುತ್ತಾರೆ.